ಐವತ್ತನೇ ಸೆಕೆಂಡಿನ ಗಾಳಿ: ಎಎಸ್‌ಎಲ್‌ವಿ-ಡಿ2 ಪ್ರಕರಣ

1988ರ ಜುಲೈ 13. ಶ್ರೀಹರಿಕೋಟಾದಿಂದ ಇಸ್ರೊದ ಎಎಸ್‌ಎಲ್‌ವಿ ರಾಕೆಟ್ಟು ಎರಡನೇ ಸಲ ಮೇಲಕ್ಕೆ ಹೊರಟಿತು. ಈ ಎರಡನೇ ಹಾರಾಟಕ್ಕೆ ಡಿ2 ಎಂದು ಹೆಸರು. ಅದರ ತಲೆಯಲ್ಲಿ ಸ್ರಾಸ್-2 ಎಂಬ ಸುಮಾರು 150 ಕೆ.ಜಿ. ಉಪಗ್ರಹ ಇತ್ತು. ಕಟ್ಟಿದ್ದು ಬೆಂಗಳೂರಿನ ಇಸ್ರೊ ಉಪಗ್ರಹ ಕೇಂದ್ರ. ಒಳಗೆ ಜರ್ಮನಿಯವರು ಕೊಟ್ಟಿದ್ದ ಮಿಯೋಸ್ ಎಂಬ ಕ್ಯಾಮೆರಾ ಕೂಡ ಇತ್ತು. ಒಂದು ನಿಮಿಷ ತುಂಬುವ ಮೊದಲೇ ರಾಕೆಟ್ಟು ಓರೆಯಾಗಿ, ಮುರಿದು, ಬಂಗಾಳಕೊಲ್ಲಿಗೆ ಬಿತ್ತು.

ಮೋಟಾರು ಸಿಡಿಯಲಿಲ್ಲ. ಇಂಧನ ಕೈಕೊಡಲಿಲ್ಲ. ರಾಕೆಟ್ಟನ್ನು ಮುರಿದದ್ದು ಗಾಳಿ. ಅದೇ ಗಾಳಿಯನ್ನು ಸೀಳಿಕೊಂಡು ಅದು ಅಷ್ಟು ದೂರ ಹೋಗಿತ್ತು. ಹಾಗಾದರೆ ಐವತ್ತು ಸೆಕೆಂಡು ಸುಮ್ನಿದ್ದ ಗಾಳಿ ಆಮೇಲೆ ಮುರಿದದ್ದು ಹೇಗೆ? ರಾಕೆಟ್ಟಿನ ಮೇಲೆ ಗಾಳಿ ಹೇಗೆ ಕೆಲಸ ಮಾಡುತ್ತದೆ ಅಂತ ಕಲಿಯಬೇಕಾದರೆ ನಮ್ಮ ದೇಶದಲ್ಲಿ ಇದಕ್ಕಿಂತ ಒಳ್ಳೆಯ ಪಾಠ ಇಲ್ಲ ಅಂತ ನನ್ನ ನಂಬಿಕೆ. ಗೆದ್ದ ಹಾರಾಟಗಳ ಬಗ್ಗೆ ನಾವು ತುಂಬಾ ಬರೆಯುತ್ತೇವೆ. ಈ ಸೋಲಿನ ಬಗ್ಗೆ ಕನ್ನಡದಲ್ಲಿ ಬಿಡಿಸಿ ಹೇಳಿದವರು ಕಡಿಮೆ.

ರಾಕೆಟ್ಟು ಹೇಗಿತ್ತು

ಎಎಸ್‌ಎಲ್‌ವಿಗೆ ಮುಂಚೆ ಇದ್ದದ್ದು ಎಸ್‌ಎಲ್‌ವಿ-3. ಅದು 1980ರ ಜುಲೈ 18ರಂದು ರೋಹಿಣಿ ಉಪಗ್ರಹವನ್ನು ಕಕ್ಷೆಗೆ ಸೇರಿಸಿತ್ತು. ಆದರೆ ಅದರ ಕಸುವು ಸುಮಾರು 40 ಕೆ.ಜಿ. ಹೊರುವಷ್ಟು ಮಾತ್ರ. ಇನ್ನೂ ದೊಡ್ಡ ಉಪಗ್ರಹಕ್ಕೆ ದೊಡ್ಡ ರಾಕೆಟ್ಟು ಬೇಕು. ಅಲ್ಲಿಗೆ ಹೋಗುವ ಮೊದಲು ಒಂದು ನಡುವಿನ ಮೆಟ್ಟಿಲು ಇರಲಿ ಅಂತ ಎಎಸ್‌ಎಲ್‌ವಿ ಮಾಡಿದರು. ಎಸ್‌ಎಲ್‌ವಿ-3ರ ನಾಲ್ಕು ಹಂತಗಳನ್ನೇ ತಿದ್ದಿ ನಡುವೆ ಇಟ್ಟುಕೊಂಡರು. ಎಡಕ್ಕೊಂದು ಬಲಕ್ಕೊಂದು, ಅದರ ಮೊದಲ ಹಂತದಂಥದೇ ಎರಡು ಮೋಟಾರುಗಳನ್ನು ಕಟ್ಟಿದರು. ಇವುಗಳಿಗೆ ಸ್ಟ್ರ್ಯಾಪ್-ಆನ್ ಎಂದು ಹೆಸರು. ಎತ್ತರ ಸುಮಾರು 24 ಮೀಟರ್. ನಡುವಿನ ಕೊಳವೆಯ ಅಗಲ ಬರೀ 1 ಮೀಟರ್. ಹೊರಡುವಾಗ ತೂಕ ಸುಮಾರು 40 ಟನ್. ಎಲ್ಲ ಹಂತಗಳಲ್ಲೂ ಘನ ಇಂಧನ.

ಉದ್ದ 24, ಅಗಲ 1. ಈ ಎರಡು ಅಂಕಿ ನೆನಪಿರಲಿ, ಮುಂದೆ ಬೇಕಾಗುತ್ತದೆ.

ಇನ್ನೊಂದು ವಿಷಯ. ಹೊರಡುವಾಗ ಉರಿಯುತ್ತಿದ್ದದ್ದು ಪಕ್ಕದ ಎರಡು ಸ್ಟ್ರ್ಯಾಪ್-ಆನ್ ಮಾತ್ರ. ನಡುವಿನ ಕೋರ್ ಮೋಟಾರು ಆಗ ಸುಮ್ಮನಿರುತ್ತಿತ್ತು. ಸುಮಾರು 49 ಸೆಕೆಂಡಿಗೆ ಸ್ಟ್ರ್ಯಾಪ್-ಆನ್‌ಗಳು ಉರಿದು ಮುಗಿಯುವ ಹೊತ್ತಿಗೆ ಕೋರ್ ಹೊತ್ತಿಕೊಳ್ಳಬೇಕು. ಮೂರನ್ನೂ ನೆಲದಲ್ಲೇ ಒಟ್ಟಿಗೆ ಹೊತ್ತಿಸಬಹುದಿತ್ತಲ್ವಾ ಅಂತ ಕೇಳಬಹುದು. ಹಾಗೆ ಮಾಡಿದರೆ ಇಷ್ಟು ಹಗುರ ರಾಕೆಟ್ಟು ಕೆಳಗಿನ ದಟ್ಟ ಗಾಳಿಯಲ್ಲೇ ಭಾರಿ ವೇಗ ಪಡೆಯುತ್ತದೆ. ಗಾಳಿಯ ಹೊರೆ ಇನ್ನೂ ಜಾಸ್ತಿ ಆಗುತ್ತದೆ.

ಅಂದರೆ ಹಾರಾಟದ ನಡುವೆ ಒಂದು ಕೈಬದಲು ಇತ್ತು. ಒಂದು ಮೋಟಾರು ಆರುವಾಗ ಇನ್ನೊಂದು ಹೊತ್ತಬೇಕು. 1987ರ ಮಾರ್ಚ್ 24ರಂದು ನಡೆದ ಮೊದಲ ಹಾರಾಟ ಇದೇ ಜಾಗದಲ್ಲಿ ಸೋತಿತ್ತು. ಆಗ ಕೋರ್ ಹೊತ್ತಿಕೊಳ್ಳಲೇ ಇಲ್ಲ. ಎರಡನೇ ಸಲ ಕೋರ್ ಹೊತ್ತಿಕೊಂಡಿತು. ಆದರೂ ಅದೇ ಜಾಗದಲ್ಲಿ ರಾಕೆಟ್ಟು ಹೋಯಿತು. ಜಾಗ ಒಂದೇ, ಕಾರಣ ಬೇರೆ. ಮೊದಲ ಸಲದ್ದು ಹೊತ್ತಿಸುವ ವ್ಯವಸ್ಥೆಯ ತೊಂದರೆ. ಎರಡನೆಯದು ಅದಕ್ಕಿಂತ ಆಳದ್ದು.

ಎದುರಿಗೆ ತಡೆಯುವ ಗಾಳಿ

ಗಾಳಿಯ ತಡೆ ಅಂದಾಗ ಎಲ್ಲರಿಗೂ ಮೊದಲು ಹೊಳೆಯುವುದು ಹಿಂದಕ್ಕೆ ಎಳೆಯುವ ಬಲ. ರಾಕೆಟ್ಟು ಮುಂದಕ್ಕೆ ಹೋಗುತ್ತದೆ, ಗಾಳಿ ಹಿಂದಕ್ಕೆ ತಳ್ಳುತ್ತದೆ. ಇದಕ್ಕೆ ಡ್ರ್ಯಾಗ್ ಅನ್ನುತ್ತಾರೆ. ಇದು ನಿಜವಾದ ಬಲ. ಆದರೆ ಉಪಗ್ರಹ ಹೊರುವ ರಾಕೆಟ್ಟಿಗೆ ಇದರಿಂದ ಆಗುವ ನಷ್ಟ ನಾವಂದುಕೊಂಡಷ್ಟು ದೊಡ್ಡದಲ್ಲ. ಕೆಳ ಕಕ್ಷೆಯಲ್ಲಿ ನಿಲ್ಲಲು ಸೆಕೆಂಡಿಗೆ 7.7 ಕಿ.ಮೀ.ನಷ್ಟು ವೇಗ ಬೇಕು. ಭೂಮಿಯ ಸೆಳೆತದ ವಿರುದ್ಧ ಏರುವುದಕ್ಕೇ ಸೆಕೆಂಡಿಗೆ ಒಂದು ಕಿ.ಮೀ.ಗೂ ಮಿಕ್ಕಿದ ವೇಗ ಖರ್ಚಾಗುತ್ತದೆ. ಗಾಳಿಯ ಎಳೆತಕ್ಕೆ ಹೋಗುವುದು ದೊಡ್ಡ ರಾಕೆಟ್ಟುಗಳಲ್ಲಿ ಸಾಮಾನ್ಯವಾಗಿ ಸೆಕೆಂಡಿಗೆ ನೂರು ಮೀಟರಿನ ಆಸುಪಾಸು.

ಚಿಕ್ಕ ರಾಕೆಟ್ಟಿಗೆ ಈ ಪೆಟ್ಟು ಜಾಸ್ತಿ. ರಾಕೆಟ್ಟು ಚಿಕ್ಕದಾದಂತೆ ತೂಕ ಬೇಗ ಕಡಿಮೆಯಾಗುತ್ತದೆ, ಗಾಳಿಗೆ ಒಡ್ಡಿದ ಮೈ ಅಷ್ಟು ಬೇಗ ಕಡಿಮೆಯಾಗುವುದಿಲ್ಲ. ಹಾಗಾಗಿ ತೆಳ್ಳನೆಯ ಸೌಂಡಿಂಗ್ ರಾಕೆಟ್ಟುಗಳಿಗೆ, ಅಂದರೆ ಉಪಕರಣ ಹೊತ್ತು ಮೇಲೇರಿ ಕಕ್ಷೆ ಸೇರದೆ ಮರಳಿ ಬೀಳುವ ಚಿಕ್ಕ ರಾಕೆಟ್ಟುಗಳಿಗೆ, ಡ್ರ್ಯಾಗ್ ದೊಡ್ಡ ತಲೆನೋವು. ಎಎಸ್‌ಎಲ್‌ವಿಯಂಥ ಸಣ್ಣ ಉಡಾವಣಾ ರಾಕೆಟ್ಟು ನಡುವಿನದು. ಆದರೂ ಡ್ರ್ಯಾಗ್‌ನಿಂದ ಆಗುವುದು ಇಷ್ಟೇ: ವೇಗ ಸ್ವಲ್ಪ ಕಡಿಮೆ, ಹೊರುವ ತೂಕ ಸ್ವಲ್ಪ ಕಡಿಮೆ. ಮೂತಿಗೆ ನೇರವಾಗಿ ಬಡಿಯುವ ಗಾಳಿಯನ್ನು ರಾಕೆಟ್ಟು ಚೆನ್ನಾಗಿ ತಡೆದುಕೊಳ್ಳುತ್ತದೆ. ಉದ್ದುದ್ದಕ್ಕೆ ಒತ್ತಿದರೆ ಕೊಳವೆ ಗಟ್ಟಿ. ಅಡ್ಡಕ್ಕೆ ಒತ್ತಿದರೆ ಕಥೆ ಬೇರೆ.

ಒತ್ತಡ ಏರುವ ಇಳಿಯುವ ಲೆಕ್ಕ

ಗಾಳಿ ಎಷ್ಟು ಜೋರಾಗಿ ಬಡಿಯುತ್ತದೆ ಅನ್ನುವುದಕ್ಕೆ ಒಂದು ಅಳತೆ ಇದೆ. ಗಾಳಿಯ ಸಾಂದ್ರತೆಯ ಅರ್ಧವನ್ನು ವೇಗದ ವರ್ಗದಿಂದ ಗುಣಿಸಿದರೆ ಅದು ಸಿಗುತ್ತದೆ. ಹೆಸರು ಡೈನಮಿಕ್ ಪ್ರೆಶರ್. ಎಂಜಿನಿಯರುಗಳು ಚಿಕ್ಕದಾಗಿ ಕ್ಯೂ ಅನ್ನುತ್ತಾರೆ.

ರಾಕೆಟ್ಟು ಹೊರಟಾಗ ಗಾಳಿ ದಟ್ಟ, ವೇಗ ಇಲ್ಲ. ಹಾಗಾಗಿ ಕ್ಯೂ ಸೊನ್ನೆ. ತುಂಬಾ ಮೇಲೆ ವೇಗ ಭಾರಿ, ಗಾಳಿಯೇ ಇಲ್ಲ. ಅಲ್ಲೂ ಕ್ಯೂ ಸೊನ್ನೆಯ ಹತ್ತಿರ. ನಡುವೆ ಎಲ್ಲೋ ಒಂದು ಕಡೆ ಅದು ತುದಿ ಮುಟ್ಟುತ್ತದೆ. ಅದೇ ಮ್ಯಾಕ್ಸ್ ಕ್ಯೂ. ಉಡಾವಣೆಯ ನೇರ ಪ್ರಸಾರದಲ್ಲಿ ಈ ಮಾತು ಕೇಳಿರುತ್ತೀರಿ. ಹೆಚ್ಚಿನ ರಾಕೆಟ್ಟುಗಳಲ್ಲಿ ಅದು ಹತ್ತು ಹದಿನೈದು ಕಿಲೋಮೀಟರ್ ಎತ್ತರದಲ್ಲಿ, ಹೊರಟು ಒಂದು ನಿಮಿಷದ ಆಚೀಚೆ ಬರುತ್ತದೆ.

ಒಂದು ಲೆಕ್ಕ ಹಾಕಿ ನೋಡೋಣ. ಸಮುದ್ರ ಮಟ್ಟದಲ್ಲಿ ಒಂದು ಘನ ಮೀಟರ್ ಗಾಳಿಯ ತೂಕ ಸುಮಾರು 1.2 ಕೆ.ಜಿ. 12 ಕಿ.ಮೀ. ಮೇಲೆ ಅದು ಸುಮಾರು 0.3 ಕೆ.ಜಿ.ಗೆ ಇಳಿದಿರುತ್ತದೆ. ಅಂದರೆ ಕಾಲು ಭಾಗ. ಅಲ್ಲಿ ಒಂದು ರಾಕೆಟ್ಟು ಸೆಕೆಂಡಿಗೆ 600 ಮೀಟರ್ ವೇಗದಲ್ಲಿ ಹೋಗುತ್ತಿದೆ ಅಂದುಕೊಳ್ಳಿ. ಕ್ಯೂ ಎಷ್ಟಾಗುತ್ತದೆ? ಒಂದು ಚದರ ಮೀಟರಿನ ಮೇಲೆ ಐದೂವರೆ ಟನ್ ಭಾರ ಇಟ್ಟಷ್ಟು. ಗಾಳಿ ತೆಳ್ಳಗಾಗಿದೆ ಅಂತ ಸಮಾಧಾನ ಪಡುವ ಹಾಗಿಲ್ಲ. ವೇಗದ ವರ್ಗ ಅದನ್ನೆಲ್ಲ ನುಂಗಿ ಹಾಕುತ್ತದೆ.

ಇದು ಎಎಸ್‌ಎಲ್‌ವಿಯದೇ ಅಂಕಿ ಅಂತ ಹೇಳುತ್ತಿಲ್ಲ, ಅಂದಾಜು ಸಿಗಲಿ ಅಂತ ಹಾಕಿದ ಲೆಕ್ಕ. ಆದರೆ ಈ ರಾಕೆಟ್ಟಿನ ಗ್ರಹಚಾರ ನೋಡಿ. ಸ್ಟ್ರ್ಯಾಪ್-ಆನ್‌ಗಳು ಆರುವ ಹೊತ್ತೂ ಕ್ಯೂ ತುದಿ ಮುಟ್ಟುವ ಹೊತ್ತೂ ಹೆಚ್ಚು ಕಡಿಮೆ ಒಂದೇ ಆಗಿತ್ತು. ಗಾಳಿಯ ಹೊಡೆತ ಅತಿ ಹೆಚ್ಚಿರುವ ಹೊತ್ತಿನಲ್ಲೇ ಮೋಟಾರುಗಳ ಕೈಬದಲು.

ಅಡ್ಡ ಗಾಳಿ

ಈಗ ಬೀಸುವ ಗಾಳಿಗೆ ಬರೋಣ. ಮೇಲಿನ ಉದಾಹರಣೆಯ ರಾಕೆಟ್ಟಿಗೆ ಪಕ್ಕದಿಂದ ಸೆಕೆಂಡಿಗೆ 40 ಮೀಟರ್ ವೇಗದ ಗಾಳಿ ಬೀಸಿತು ಅನ್ನಿ. 600ರ ಮುಂದೆ 40 ಯಾವ ಲೆಕ್ಕ ಅನ್ನಿಸಬಹುದು. ಆದರೆ ರಾಕೆಟ್ಟಿಗೆ ಈಗ ಗಾಳಿ ನೇರ ಎದುರಿನಿಂದ ಬರುವುದಿಲ್ಲ. ಸುಮಾರು 4 ಡಿಗ್ರಿ ಓರೆಯಾಗಿ ಬರುತ್ತದೆ. ಈ ಓರೆಗೆ ಆಲ್ಫಾ ಎಂದು ಹೆಸರು.

ಬರೀ 4 ಡಿಗ್ರಿ. ಆದರೆ ಹಿಂದೆ ಐದೂವರೆ ಟನ್‌ನ ಹೊಡೆತ ಇದೆ. 24 ಮೀಟರ್ ಉದ್ದ, 1 ಮೀಟರ್ ಅಗಲದ ಕೊಳವೆಯ ಮೂತಿಯನ್ನು ಟನ್ ಲೆಕ್ಕದ ಬಲ ಪಕ್ಕಕ್ಕೆ ಒತ್ತುತ್ತದೆ. ಕೊಳವೆ ಬಾಗಲು ನೋಡುತ್ತದೆ. ಹಂತ ಹಂತಗಳನ್ನು ಸೇರಿಸಿದ ಜಾಗಗಳಲ್ಲಿ ಈ ಬಾಗುವಿಕೆಯ ಕಾಟ ಹೆಚ್ಚು. ಹಾಗಾಗಿಯೇ ಎಂಜಿನಿಯರುಗಳು ಕ್ಯೂ ಒಂದನ್ನೇ ನೋಡುವುದಿಲ್ಲ. ಕ್ಯೂ ಮತ್ತು ಆಲ್ಫಾ ಎರಡನ್ನೂ ಗುಣಿಸಿ ಆ ಗುಣಲಬ್ಧಕ್ಕೆ ಒಂದು ಮಿತಿ ಹಾಕುತ್ತಾರೆ. ಮಿತಿ ದಾಟಿದರೆ ರಾಕೆಟ್ಟು ಉಳಿಯುವುದಿಲ್ಲ.

ಒಂದೇ ಸಮನೆ ಬೀಸುವ ಗಾಳಿ ಅಷ್ಟು ಕಷ್ಟ ಕೊಡುವುದಿಲ್ಲ. ರಾಕೆಟ್ಟು ಅದಕ್ಕೆ ಹೊಂದಿಕೊಳ್ಳುತ್ತದೆ. ಕಷ್ಟ ಇರುವುದು ಎತ್ತರದ ಜೊತೆ ಗಾಳಿ ಬದಲಾಗುವುದರಲ್ಲಿ. ಕೆಲವು ನೂರು ಮೀಟರ್ ಮೇಲೇರುವಷ್ಟರಲ್ಲಿ ಗಾಳಿಯ ವೇಗವೋ ದಿಕ್ಕೋ ಬದಲಾದರೆ ಅದಕ್ಕೆ ವಿಂಡ್ ಶಿಯರ್ ಅನ್ನುತ್ತಾರೆ. ಸೆಕೆಂಡಿಗೆ ಅರ್ಧ ಕಿಲೋಮೀಟರ್ ಏರುವ ರಾಕೆಟ್ಟಿಗೆ ಅದು ಪಕ್ಕದಿಂದ ಬಿದ್ದ ಗುದ್ದು.

ಶ್ರೀಹರಿಕೋಟಾದ ಮೇಲೆ ಜುಲೈ ತಿಂಗಳ ಆಕಾಶ ಹೇಗಿರುತ್ತದೆ ಅನ್ನುವುದನ್ನು ಇಲ್ಲಿ ಹೇಳಲೇಬೇಕು. ಇದು ಮುಂಗಾರಿನ ನಡುಗಾಲ. ನಮ್ಮ ಕರಾವಳಿಗೂ ಮಲೆನಾಡಿಗೂ ಮಳೆ ತರುವ ಪಡುವಣ ಗಾಳಿ ಕೆಳಗಿನ ಕೆಲವು ಕಿಲೋಮೀಟರುಗಳಲ್ಲಿ ಬೀಸುತ್ತಿರುತ್ತದೆ. ಅದಕ್ಕಿಂತ ಮೇಲೆ ಹೋದರೆ ಗಾಳಿ ಪೂರ್ತಿ ತಿರುಗಿಬಿಡುತ್ತದೆ. ಅಲ್ಲಿ ಮೂಡಣ ಗಾಳಿ. 14-16 ಕಿ.ಮೀ. ಎತ್ತರದಲ್ಲಿ ಅದು ಒಂದು ಜೋರು ಪ್ರವಾಹವೇ ಆಗುತ್ತದೆ. ಹೆಸರು ಉಷ್ಣವಲಯದ ಮೂಡಣ ಜೆಟ್. ಇದನ್ನು 1958ರಲ್ಲಿ ವಿವರಿಸಿದವರು ನಮ್ಮ ಹವಾಮಾನ ವಿಜ್ಞಾನಿ ಪಿ. ಕೋಟೇಶ್ವರಂ. ಈ ಜೆಟ್ಟಿನ ನಡುಭಾಗ ಹಾಯುವುದು ಹೆಚ್ಚು ಕಡಿಮೆ ಚೆನ್ನೈನ ಅಕ್ಷಾಂಶದ ಮೇಲೆ. ಜುಲೈ-ಆಗಸ್ಟ್‌ನಲ್ಲಿ ಅದು ಅತಿ ಜೋರು, ಸೆಕೆಂಡಿಗೆ 40 ಮೀಟರ್ ದಾಟುವುದು ಸಾಮಾನ್ಯ. ಶ್ರೀಹರಿಕೋಟಾ ಇರುವುದು ಚೆನ್ನೈನಿಂದ ಸ್ವಲ್ಪವೇ ಉತ್ತರಕ್ಕೆ.

ಎಎಸ್‌ಎಲ್‌ವಿ ಹೋಗಬೇಕಾಗಿದ್ದದ್ದು ಆಗ್ನೇಯ ದಿಕ್ಕಿಗೆ, ಸಮುದ್ರದ ಮೇಲೆ. ಅಂದರೆ ಮುಂಗಾರಿನಲ್ಲಿ ಅಂಥ ರಾಕೆಟ್ಟು ಮೊದಲು ಬೆನ್ನ ಕಡೆಯಿಂದ ಬರುವ ಗಾಳಿಯನ್ನು ದಾಟಿ, ಆಮೇಲೆ ಮುಂದಿನ ಎಡಗಡೆಯಿಂದ ಓರೆಯಾಗಿ ಬರುವ ಗಾಳಿಗೆ ನುಗ್ಗುತ್ತದೆ. ಇಷ್ಟೂ ಒಂದು ನಿಮಿಷದ ಒಳಗೆ. ಗಾಳಿ ಹೀಗೆ ಜೋರಾಗಿ ಬದಲಾಗುವ ಎತ್ತರವೂ ಕ್ಯೂ ತುದಿ ಮುಟ್ಟುವ ಎತ್ತರವೂ ಬೇರೆ ಬೇರೆ ಆಗಿದ್ದರೆ ಚೆನ್ನಾಗಿತ್ತು. ಹಾಗಿಲ್ಲ. ಎರಡೂ ಟ್ರೋಪೋಪಾಸ್‌ನ, ಅಂದರೆ ವಾತಾವರಣದ ಕೆಳಪದರ ಮುಗಿಯುವ ಗಡಿಯ, ಕೆಳಗಿನ ಆ ಕೆಲವೇ ಕಿಲೋಮೀಟರುಗಳಲ್ಲಿ ಬಂದು ಕೂಡುತ್ತವೆ.

ಹಿಡಿತ ಇಲ್ಲದ ಗಳಿಗೆ

ಗಾಳಿ ಗುದ್ದುತ್ತದೆ, ಸರಿ. ಅದನ್ನು ತಿದ್ದುವವರು ಯಾರು?

ರಾಕೆಟ್ಟಿಗೆ ತಾನಾಗಿ ನೆಟ್ಟಗಿರುವ ಗುಣ ಇರಬೇಕಾದರೆ ಗಾಳಿಯ ಒತ್ತು ಬೀಳುವ ಜಾಗ ತೂಕದ ನಡುವಿಗಿಂತ ಹಿಂದೆ ಇರಬೇಕು. ಆಗ ಓರೆಯಾದ ಮೂತಿಯನ್ನು ಗಾಳಿಯೇ ತನ್ನ ಕಡೆಗೆ ತಿರುಗಿಸಿ ಓರೆ ತೆಗೆಯುತ್ತದೆ. ಬಾಲದಲ್ಲಿ ರೆಕ್ಕೆ ಇಡುವುದು ಇದಕ್ಕೇ. ಒತ್ತು ಬೀಳುವ ಜಾಗ ಮುಂದಕ್ಕೆ ಬಂದರೆ ಉಲ್ಟಾ. ಗಾಳಿ ಓರೆಯನ್ನು ಹೆಚ್ಚಿಸುತ್ತಲೇ ಹೋಗುತ್ತದೆ. ಎಎಸ್‌ಎಲ್‌ವಿಯ ತಲೆಯ ಕವಚ ಕೆಳಗಿನ ಹಂತಕ್ಕಿಂತ ದಪ್ಪ ಇತ್ತು, ಉಪಗ್ರಹಕ್ಕೆ ಜಾಗ ಬೇಕಿತ್ತಲ್ಲ. ಇಂಥ ದಪ್ಪ ತಲೆ ಗಾಳಿಯ ಒತ್ತನ್ನು ಮುಂದಕ್ಕೆ ಎಳೆಯುತ್ತದೆ. ಇಂಥ ರಾಕೆಟ್ಟನ್ನು ನೆಟ್ಟಗಿಡುವ ಕೆಲಸ ಪೂರ್ತಿ ಆಟೋಪೈಲಟ್‌ನದು. ಅಂಗೈ ಮೇಲೆ ಕೋಲು ನಿಲ್ಲಿಸಿದ ಹಾಗೆ. ಕೈ ಆಡುತ್ತಲೇ ಇರಬೇಕು.

ಎಎಸ್‌ಎಲ್‌ವಿಯಲ್ಲಿ ಆ ಕೈ ಯಾವುದು? ಸ್ಟ್ರ್ಯಾಪ್-ಆನ್ ಉರಿಯುವಾಗ ಅದರ ನಾಜಲ್ ಒಳಕ್ಕೆ, ಅಂದರೆ ಬಿಸಿ ಅನಿಲ ಹೊರಬರುವ ಬಾಯಿಯ ಒಳಕ್ಕೆ, ಪಕ್ಕದಿಂದ ಒಂದು ದ್ರವವನ್ನು ಚಿಮ್ಮಿಸುತ್ತಿದ್ದರು. ಅದು ಒಳಗಿನ ಬಿಸಿ ಅನಿಲದ ಹರಿವನ್ನು ಸ್ವಲ್ಪ ಓರೆ ಮಾಡುತ್ತದೆ. ರಾಕೆಟ್ಟು ತಿರುಗುತ್ತದೆ. ಒಳ್ಳೆಯ ಉಪಾಯ. ಆದರೆ ಒಂದು ಷರತ್ತಿದೆ. ಮೋಟಾರು ಉರಿಯುತ್ತಿರಬೇಕು. ಓರೆ ಮಾಡಲು ಜ್ವಾಲೆಯೇ ಇಲ್ಲದಿದ್ದರೆ ದ್ರವ ಚಿಮ್ಮಿಸಿ ಏನು ಬಂತು?

ಘನ ಇಂಧನದ ಮೋಟಾರು ಸ್ವಿಚ್ ಹಾಕಿದಂತೆ ಆರುವುದಿಲ್ಲ. ತಳ್ಳುವ ಬಲ ಇಳಿಯುತ್ತಾ ಇಳಿಯುತ್ತಾ ಆರುತ್ತದೆ. ಎರಡು ಮೋಟಾರು ಇದ್ದರೆ ಎರಡೂ ಒಂದೇ ಕ್ಷಣಕ್ಕೆ ಆರುವುದೂ ಇಲ್ಲ. ಇಂಧನದ ಬಿಸಿ ಚೂರು ಬದಲಾದರೆ ಉರಿಯುವ ವೇಗ ಬದಲಾಗುತ್ತದೆ. ಒಂದು ಕಡೆಯದು ಇನ್ನೂ ಸ್ವಲ್ಪ ತಳ್ಳುತ್ತಿದೆ, ಇನ್ನೊಂದು ಕಡೆಯದು ಆರಿದೆ ಅಂದರೆ ರಾಕೆಟ್ಟೇ ತಿರುಗಲು ಶುರು ಮಾಡುತ್ತದೆ.

ಡಿ2 ಹಾರಾಟದಲ್ಲಿ ಸ್ಟ್ರ್ಯಾಪ್-ಆನ್‌ಗಳು ಅಂದುಕೊಂಡದ್ದಕ್ಕಿಂತ ಸ್ವಲ್ಪ ಮುಂಚೆ ಆರಿದವು. ಕೋರ್ ಹೊತ್ತಬೇಕಾದ ಹೊತ್ತನ್ನು ಮಾತ್ರ ಗಡಿಯಾರಕ್ಕೆ ಮೊದಲೇ ಕಟ್ಟಿಹಾಕಿದ್ದರು. ನಡುವೆ ಒಂದು ಸಣ್ಣ ಖಾಲಿ ಉಳಿಯಿತು. ಆ ಖಾಲಿಯಲ್ಲಿ ಸ್ಟ್ರ್ಯಾಪ್-ಆನ್‌ಗಳ ಕೈಲಿ ತಿದ್ದುವ ಬಲ ಇರಲಿಲ್ಲ, ಕೋರ್ ಕೈಗೆ ಇನ್ನೂ ಬಂದಿರಲಿಲ್ಲ. ಗಾಳಿಯ ಹೊಡೆತ ತುದಿಯಲ್ಲಿತ್ತು. ರಾಕೆಟ್ಟು ಓರೆಯಾಯಿತು. ಓರೆಯಾದಷ್ಟೂ ಗಾಳಿ ಇನ್ನಷ್ಟು ಓರೆ ಮಾಡಿತು. ಕೋರ್ ಹೊತ್ತಿಕೊಂಡಿತು ನಿಜ. ಅಷ್ಟರಲ್ಲಿ ಓರೆ ಆಟೋಪೈಲಟ್‌ನ ಕೈ ಮೀರಿತ್ತು. ಕ್ಯೂ ಮತ್ತು ಆಲ್ಫಾದ ಗುಣಲಬ್ಧ ಕೊಳವೆಯ ಶಕ್ತಿಯನ್ನು ಮೀರಿತು. ರಾಕೆಟ್ಟು ಮುರಿಯಿತು.

ಇಲ್ಲಿ ಒಂದೊಂದನ್ನೂ ಬಿಡಿಯಾಗಿ ನೋಡಿದರೆ ಯಾವುದೂ ಪ್ರಾಣಾಂತಿಕ ಅಲ್ಲ. ಮೋಟಾರು ಸ್ವಲ್ಪ ಮುಂಚೆ ಆರುವುದು ಇದ್ದದ್ದೇ. ಜೋರು ಗಾಳಿಯೂ ಇದ್ದದ್ದೇ. ಎಲ್ಲ ರಾಕೆಟ್ಟುಗಳೂ ಮ್ಯಾಕ್ಸ್ ಕ್ಯೂ ದಾಟಿಯೇ ಹೋಗುತ್ತವೆ. ಇದೇ ಖಾಲಿ ನೂರು ಕಿ.ಮೀ. ಮೇಲೆ ಬಂದಿದ್ದರೆ ಗಾಳಿಯೇ ಇಲ್ಲದ ಅಲ್ಲಿ ಏನೂ ಆಗುತ್ತಿರಲಿಲ್ಲ. ಇಲ್ಲಿ ಮೂರೂ ಒಂದೇ ಗಳಿಗೆಯಲ್ಲಿ ಸೇರಿದವು, ಮತ್ತು ಸೇರುವ ಹಾಗೆ ರಾಕೆಟ್ಟಿನ ವೇಳಾಪಟ್ಟಿಯೇ ಇತ್ತು. ಗಾಳಿಯನ್ನು ದೂರಿ ಪ್ರಯೋಜನ ಇಲ್ಲ ಅನ್ನುವುದು ಅದಕ್ಕೇ. ಗಾಳಿ ಅಲ್ಲಿರುತ್ತದೆ ಅಂತ ಎಲ್ಲರಿಗೂ ಗೊತ್ತಿತ್ತು.

ತಪಾಸಣೆ

ಆಗ ಇಸ್ರೊ ಅಧ್ಯಕ್ಷರಾಗಿದ್ದವರು ಯು.ಆರ್. ರಾವ್, ಉಡುಪಿ ಹತ್ತಿರದ ಅದಮಾರಿನವರು. ಎರಡು ವರ್ಷದಲ್ಲಿ ಎರಡು ಸೋಲು. ಇಸ್ರೊ ಒಳಗಿನ ತಪಾಸಣೆಯ ಜೊತೆಗೆ ಹೊರಗಿನ ತಜ್ಞರ ಒಂದು ಸಮಿತಿಯೂ ಕೂತಿತು. ಅದರ ಮುಖ್ಯಸ್ಥರು ರೊದ್ದಂ ನರಸಿಂಹ. ಬೆಂಗಳೂರಿನಲ್ಲೇ ಹುಟ್ಟಿ ಬೆಳೆದವರು, ಸತೀಶ್ ಧವನ್ ಅವರ ಶಿಷ್ಯರು, ಗಾಳಿಯ ಹರಿವಿನ ಅಧ್ಯಯನದಲ್ಲಿ ಲೋಕಕ್ಕೇ ಗೊತ್ತಿದ್ದ ಹೆಸರು. ಆಗ ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದ, ಅಂದರೆ ಎನ್‌ಎಎಲ್‌ನ ನಿರ್ದೇಶಕರು. ಅವರ ತಂದೆ ಆರ್.ಎಲ್. ನರಸಿಂಹಯ್ಯ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದರು, ಕನ್ನಡದಲ್ಲಿ ವಿಜ್ಞಾನ ಬರೆದ ಹಿರಿಯರಲ್ಲಿ ಒಬ್ಬರು.

ಇದೇ ರೊದ್ದಂ ನರಸಿಂಹ ಹೈದರ್ ಮತ್ತು ಟಿಪ್ಪು ಕಾಲದ ಮೈಸೂರು ರಾಕೆಟ್ಟುಗಳ ಬಗ್ಗೆಯೂ ಆಳವಾಗಿ ಕೆಲಸ ಮಾಡಿದವರು. ಆ ರಾಕೆಟ್ಟುಗಳಲ್ಲಿ ಮದ್ದು ತುಂಬಿದ ಕಬ್ಬಿಣದ ಕೊಳವೆಗೆ ಉದ್ದನೆಯ ಬಿದಿರನ್ನು ಕಟ್ಟುತ್ತಿದ್ದರು. ಆ ಬಿದಿರು ಸುಮ್ಮನೆ ಹಿಡಿಕೆಯಲ್ಲ. ಗಾಳಿಯ ಒತ್ತು ಬೀಳುವ ಜಾಗವನ್ನು ಹಿಂದಕ್ಕೆ ತಳ್ಳುವ ಕೆಲಸ ಅದರದು. ಈಗಿನ ದೀಪಾವಳಿ ರಾಕೆಟ್ಟಿನ ಕಡ್ಡಿಯೂ ಅದನ್ನೇ ಮಾಡುತ್ತದೆ. ಇಂಥ ರಾಕೆಟ್ಟಿನ ಇನ್ನೊಂದು ಗುಣ ಗಮನಿಸಿ. ಉರಿಯುತ್ತಿರುವಾಗ ಅದು ಗಾಳಿ ಬೀಸುವ ಕಡೆಗೇ ಮೂತಿ ತಿರುಗಿಸಿ ಗಾಳಿಗೆದುರಾಗಿ ಹೋಗುತ್ತದೆ. ಮದ್ದು ಮುಗಿದ ಮೇಲೆ ಗಾಳಿಯ ಜೊತೆ ತೇಲುತ್ತದೆ. ಕೇರಳದ ತುಂಬಾ ಎಂಬ ಊರಿನಲ್ಲಿ 1963ರಿಂದ ಹಾರಿಸುತ್ತಿದ್ದ ಸೌಂಡಿಂಗ್ ರಾಕೆಟ್ಟುಗಳಿಗೂ ಇದೇ ನಿಯಮ. ಅವುಗಳಿಗೆ ಒಳಗೆ ದಾರಿ ತೋರುವ ವ್ಯವಸ್ಥೆ ಇರುವುದಿಲ್ಲ. ಹಾಗಾಗಿ ಹಾರಿಸುವ ಮುಂಚೆ ಬಲೂನು ಬಿಟ್ಟು ಗಾಳಿ ಅಳೆದು, ಅದಕ್ಕೆ ತಕ್ಕಂತೆ ಲಾಂಚರಿನ ಕೋನವನ್ನೇ ಬದಲಾಯಿಸುತ್ತಾರೆ. ನೆಲದ ಹತ್ತಿರದ ಗಾಳಿಗೇ ಅಲ್ಲಿ ಹೆಚ್ಚು ಬೆಲೆ. ಹೊರಟ ಹೊಸತರಲ್ಲಿ ವೇಗ ಕಡಿಮೆ ಇರುವುದರಿಂದ ಸಣ್ಣ ಗಾಳಿಯೂ ದೊಡ್ಡ ಓರೆ ಮಾಡುತ್ತದೆ.

ಎನ್‌ಎಎಲ್‌ನಲ್ಲಿ 1.2 ಮೀಟರಿನ ಒಂದು ವಿಂಡ್ ಟನಲ್, ಅಂದರೆ ಮಾದರಿಯನ್ನು ನಿಲ್ಲಿಸಿ ಅದರ ಮೇಲೆ ಗಾಳಿ ಹರಿಸಿ ನೋಡುವ ಸುರಂಗ, ಇದೆ. 1960ರ ದಶಕದಿಂದ ಕೆಲಸ ಮಾಡುತ್ತಿದೆ. ಶಬ್ದಕ್ಕಿಂತ ಕಡಿಮೆ, ಶಬ್ದದಷ್ಟೇ, ಶಬ್ದಕ್ಕಿಂತ ಹೆಚ್ಚು, ಮೂರೂ ಬಗೆಯ ವೇಗದ ಗಾಳಿಯನ್ನು ಅದರಲ್ಲಿ ಹರಿಸಬಹುದು. ಇಸ್ರೊದ ರಾಕೆಟ್ಟುಗಳ ಮಾದರಿಗಳೆಲ್ಲ ಅಲ್ಲಿ ಗಾಳಿ ಕುಡಿದೇ ಬಂದವು. ಯಾವ ಓರೆಗೆ ಎಷ್ಟು ಬಲ ಬೀಳುತ್ತದೆ ಅಂತ ವಿಂಡ್ ಟನಲ್ ಹೇಳಬಲ್ಲದು. ಮೋಟಾರು ಯಾವ ಕ್ಷಣಕ್ಕೆ ಆರುತ್ತದೆ ಅಂತ ಹೇಳಲಾರದು. ಗಾಳಿಯ ಬಲದ ಲೆಕ್ಕ ಒಂದು ಕಡೆ, ಮೋಟಾರಿನ ಲೆಕ್ಕ ಇನ್ನೊಂದು ಕಡೆ, ಆಟೋಪೈಲಟ್‌ನ ಲೆಕ್ಕ ಮತ್ತೊಂದು ಕಡೆ. ಮೂರನ್ನೂ ಒಟ್ಟಿಗೆ ಇಟ್ಟು, ಪ್ರತಿಯೊಂದೂ ಸ್ವಲ್ಪ ಸ್ವಲ್ಪ ಕೆಟ್ಟರೆ ಏನಾಗುತ್ತದೆ ಅಂತ ನೋಡುವುದೇ ನಿಜವಾದ ಕೆಲಸ. ಡಿ2 ತೆರೆದು ತೋರಿಸಿದ್ದು ಇದನ್ನೇ ಅಂತ ನಾನು ಓದಿಕೊಂಡಿದ್ದೇನೆ.

ಏನು ಬದಲಾಯಿಸಿದರು

ಮುಖ್ಯ ಬದಲಾವಣೆ ಕೇಳಲು ಸರಳ. ಕೋರ್ ಯಾವಾಗ ಹೊತ್ತಬೇಕು ಅಂತ ಗಡಿಯಾರ ಹೇಳುವುದು ಬೇಡ. ಸ್ಟ್ರ್ಯಾಪ್-ಆನ್‌ಗಳ ತಳ್ಳುವ ಬಲ ನಿಜವಾಗಿ ಇಳಿಯುತ್ತಿದೆಯೇ ಅಂತ ರಾಕೆಟ್ಟೇ ತನ್ನ ವೇಗವರ್ಧನೆಯನ್ನು ಅಳೆದು ನೋಡಲಿ, ಇಳಿಯಿತು ಅಂತ ಗೊತ್ತಾದ ಕೂಡಲೇ ಕೋರ್ ಹೊತ್ತಿಸಲಿ. ಮೋಟಾರು ಒಂದು ಸೆಕೆಂಡು ಮುಂಚೆ ಆರಿದರೂ ಸರಿ, ತಡವಾಗಿ ಆರಿದರೂ ಸರಿ, ನಡುವೆ ಖಾಲಿ ಬೀಳುವುದಿಲ್ಲ. ಇದರ ಜೊತೆಗೆ ಆಟೋಪೈಲಟ್‌ನ್ನು ತಿದ್ದಿದರು, ಆ ಗಳಿಗೆಯಲ್ಲಿ ರಾಕೆಟ್ಟಿನ ಮೇಲೆ ಬೀಳುವ ಗಾಳಿಯ ಹೊರೆಯನ್ನೂ ತಗ್ಗಿಸಿದರು.

ಹೊರೆ ತಗ್ಗಿಸುವುದು ಘನ ಇಂಧನದಲ್ಲಿ ಸುಲಭ ಅಲ್ಲ. ದ್ರವ ಇಂಧನದ ಎಂಜಿನ್ನಾದರೆ ಹಾರಾಟದ ನಡುವೆ ಬಲ ಕಡಿಮೆ ಮಾಡಬಹುದು. ಜನರನ್ನು ಹೊತ್ತೊಯ್ಯುತ್ತಿದ್ದ ಅಮೆರಿಕದ ಬಾಹ್ಯಾಕಾಶ ನೌಕೆ ಶಟಲ್ ಮ್ಯಾಕ್ಸ್ ಕ್ಯೂ ಹತ್ತಿರ ತನ್ನ ಮುಖ್ಯ ಎಂಜಿನ್ನುಗಳನ್ನು ಹೀಗೆ ಇಳಿಸುತ್ತಿತ್ತು. ಅದರ ಪಕ್ಕದ ಘನ ಇಂಧನದ ಬೂಸ್ಟರುಗಳಲ್ಲಿ ಇಂಧನದ ಒಳ ಆಕಾರವನ್ನೇ ಹೇಗೆ ಮಾಡಿದ್ದರು ಅಂದರೆ, ಹೊರಟ 50 ಸೆಕೆಂಡಿಗೆ ಬಲ ತಾನಾಗಿ ಮೂರನೇ ಒಂದು ಭಾಗದಷ್ಟು ಇಳಿಯುತ್ತಿತ್ತು. ಘನ ಇಂಧನದಲ್ಲಿ ಏನು ಮಾಡುವುದಿದ್ದರೂ ಎರಕ ಹೊಯ್ಯುವಾಗಲೇ ಮಾಡಬೇಕು.

ಶಟಲ್ ಅಂದಾಗ ಹಾರಾಟದ ನಡುವೆ ನಾಶವಾದ ಚಾಲೆಂಜರ್ ಎಂಬ ಶಟಲ್ ನೆನಪಾಗುತ್ತದೆ. 1986ರ ಜನವರಿ 28ರ ಆ ದುರಂತಕ್ಕೆ ಮೂಲ ಕಾರಣ ಚಳಿಗೆ ಬಿರುಸಾದ ರಬ್ಬರ್ ಸೀಲ್, ಅದು ಎಲ್ಲರಿಗೂ ಗೊತ್ತು. ಗಾಳಿಯ ಪಾತ್ರ ಅಷ್ಟು ಗೊತ್ತಿಲ್ಲ. 37ನೇ ಸೆಕೆಂಡಿನಿಂದ 64ನೇ ಸೆಕೆಂಡಿನವರೆಗೆ ಅದು ಜೋರು ವಿಂಡ್ ಶಿಯರ್ ಮೂಲಕ ಹೋಯಿತು. ವಿನ್ಯಾಸದ ಮಿತಿಯ ಒಳಗೇ ಇದ್ದರೂ, ಹಿಂದಿನ ಯಾವ ಹಾರಾಟಕ್ಕಿಂತಲೂ ಅದರ ಸ್ಟೀರಿಂಗ್ ಆ ದಿನ ಹೆಚ್ಚು ಕೆಲಸ ಮಾಡಬೇಕಾಯಿತು ಅಂತ ತನಿಖಾ ವರದಿ ದಾಖಲಿಸಿದೆ. ಬೂಸ್ಟರಿನಿಂದ ಜ್ವಾಲೆ ಕಂಡದ್ದು 59ನೇ ಸೆಕೆಂಡಿನ ಹೊತ್ತಿಗೆ. ಮೊದಲೇ ಸೋತಿದ್ದ ಒಂದು ಜೋಡಣೆಯ ಮೇಲೆ ಗಾಳಿಯ ಹೊರೆಯೂ ಬಂದು ಕೂತಿತು. ಡಿ2ರ ಜೊತೆ ಹೋಲಿಸುವುದು ಇಷ್ಟಕ್ಕೇ. ಅಲ್ಲಿ ಏಳು ಜನ ಸತ್ತರು. ಅದನ್ನು ಬರೀ ತಾಂತ್ರಿಕ ಉದಾಹರಣೆಯಾಗಿ ಹೇಳಿ ಮುಗಿಸಲು ಮನಸ್ಸು ಬರುವುದಿಲ್ಲ.

ಈಗ ಇಸ್ರೊ ದೊಡ್ಡ ರಾಕೆಟ್ಟು ಹಾರಿಸುವ ದಿನ ಗಾಳಿಯನ್ನು ಅಳೆದೇ ಮುಂದುವರಿಯುತ್ತದೆ. ಬಲೂನುಗಳು ಮೇಲೇರುತ್ತಾ ಯಾವ ಎತ್ತರದಲ್ಲಿ ಗಾಳಿ ಎಷ್ಟು, ಯಾವ ಕಡೆಗೆ ಅಂತ ಹೇಳುತ್ತವೆ. ಆ ಲೆಕ್ಕವನ್ನು ರಾಕೆಟ್ಟಿನ ಕಂಪ್ಯೂಟರಿಗೆ ತುಂಬುತ್ತಾರೆ. ಎಡದಿಂದ ಗಾಳಿ ಬರುವ ಎತ್ತರ ಹತ್ತಿರವಾಗುತ್ತಿದ್ದಂತೆ ರಾಕೆಟ್ಟು ಮೊದಲೇ ಸ್ವಲ್ಪ ಎಡಕ್ಕೆ ಮೂತಿ ಇಟ್ಟುಕೊಂಡು ಹೋಗುತ್ತದೆ. ದಾರಿ ಚೂರು ಸರಿಯುತ್ತದೆ, ಓರೆ ಕಡಿಮೆಯಾಗುತ್ತದೆ. ಸರಿದ ದಾರಿಯನ್ನು ಗಾಳಿ ಇಲ್ಲದ ಎತ್ತರಕ್ಕೆ ಹೋದ ಮೇಲೆ ತಿದ್ದಿಕೊಳ್ಳಬಹುದು, ಅವಸರ ಇಲ್ಲ. ಗಾಳಿ ಮಿತಿ ಮೀರಿದ್ದರೆ ಉಡಾವಣೆಯನ್ನು ಮುಂದಕ್ಕೆ ಹಾಕುತ್ತಾರೆ. "ಮೇಲಿನ ಗಾಳಿಯಿಂದಾಗಿ ಉಡಾವಣೆ ಮುಂದೂಡಿಕೆ" ಅಂತ ಬೇರೆ ದೇಶಗಳಿಂದಲೂ ಸುದ್ದಿ ಬರುತ್ತಿರುತ್ತದೆ. ನೆಲದ ಮೇಲೆ ಒಂದು ಎಲೆಯೂ ಅಲ್ಲಾಡದಿದ್ದಾಗ ಅದು ವಿಚಿತ್ರ ಅನ್ನಿಸಬಹುದು. ಅವರು ನೋಡುತ್ತಿರುವುದು ಹತ್ತು ಹದಿನೈದು ಕಿಲೋಮೀಟರ್ ಮೇಲಿನ ಗಾಳಿಯನ್ನು.

ಎಎಸ್‌ಎಲ್‌ವಿ ಆದ ಮೇಲೆ ಬಂದ ಇಸ್ರೊದ ದೊಡ್ಡ ರಾಕೆಟ್ಟು ಪಿಎಸ್‌ಎಲ್‌ವಿಯಲ್ಲಿ ನಡುವಿನ ಕೋರ್ ಮೋಟಾರನ್ನು ನೆಲದಲ್ಲೇ ಹೊತ್ತಿಸುತ್ತಾರೆ. ಪಕ್ಕದ ಸ್ಟ್ರ್ಯಾಪ್-ಆನ್‌ಗಳು ಯಾವಾಗ ಆರಿದರೂ ಕೋರ್ ಉರಿಯುತ್ತಲೇ ಇರುತ್ತದೆ, ತಿದ್ದುವ ಬಲ ಕೈಯಲ್ಲೇ ಇರುತ್ತದೆ. ಎಎಸ್‌ಎಲ್‌ವಿಯ ಆ ಖಾಲಿಗೆ ಅಲ್ಲಿ ಜಾಗವೇ ಇಲ್ಲ.

ಆಮೇಲೆ

ಎಎಸ್‌ಎಲ್‌ವಿಯ ಮೂರನೇ ಹಾರಾಟ ನಡೆದದ್ದು 1992ರ ಮೇ 20ರಂದು. ಡಿ2 ಬಿದ್ದು ಸುಮಾರು ನಾಲ್ಕು ವರ್ಷದ ಮೇಲೆ. ಈ ಸಲ ಸ್ಟ್ರ್ಯಾಪ್-ಆನ್‌ನಿಂದ ಕೋರ್‌ಗೆ ಕೈಬದಲು ಸರಿಯಾಗಿ ಆಯಿತು. ಸ್ರಾಸ್-ಸಿ ಎಂಬ 106 ಕೆ.ಜಿ. ಉಪಗ್ರಹ ಕಕ್ಷೆ ಸೇರಿತು. ಆದರೆ ಕಕ್ಷೆ ಅಂದುಕೊಂಡದ್ದಕ್ಕಿಂತ ಕೆಳಗಿತ್ತು.

ಅಷ್ಟು ಎತ್ತರದಲ್ಲಿ ಗಾಳಿ ಇರುತ್ತದೆಯೇ? ಇರುತ್ತದೆ, ಲೆಕ್ಕಕ್ಕೆ ಸಿಗದಷ್ಟು ತೆಳ್ಳಗೆ. ಆದರೆ ಉಪಗ್ರಹದ ವೇಗ ಸೆಕೆಂಡಿಗೆ 7.7 ಕಿ.ಮೀ. ಮತ್ತೆ ಅದೇ ವೇಗದ ವರ್ಗ. ಹೊರಡುವಾಗ ಲೆಕ್ಕಕ್ಕೇ ಬಾರದಂತಿದ್ದ ಡ್ರ್ಯಾಗ್ ಇಲ್ಲಿ ಹಗಲೂ ರಾತ್ರಿ ಎಳೆಯುತ್ತಿತ್ತು. ಒಂದೊಂದು ಸುತ್ತಿಗೂ ಉಪಗ್ರಹ ಚೂರು ಕೆಳಗಿಳಿಯಿತು. ಕೆಳಗಿಳಿದಷ್ಟೂ ಗಾಳಿ ದಟ್ಟ, ಎಳೆತ ಇನ್ನೂ ಜಾಸ್ತಿ. ಜುಲೈ ಮಧ್ಯದಲ್ಲಿ, ಸುಮಾರು ಎಂಟು ವಾರಕ್ಕೆ, ಸ್ರಾಸ್-ಸಿ ವಾತಾವರಣಕ್ಕೆ ಮರಳಿ ಉರಿದುಹೋಯಿತು. ಅಷ್ಟರೊಳಗೆ ಅದು ತನ್ನ ಪ್ರಯೋಗಗಳ ಮಾಹಿತಿಯನ್ನು ಕಳಿಸಿತ್ತು.

ನಾಲ್ಕನೇ ಹಾರಾಟ 1994ರ ಮೇ 4ರಂದು. ಸ್ರಾಸ್-ಸಿ2 ಉಪಗ್ರಹದಲ್ಲಿ ಗಾಮಾ ಕಿರಣಗಳ ಸ್ಫೋಟವನ್ನು ಹಿಡಿಯುವ ಉಪಕರಣ ಇತ್ತು, ಅದು ಬೆಂಗಳೂರಿನ ಉಪಗ್ರಹ ಕೇಂದ್ರದ್ದು. ಈ ಸಲ ಉಪಗ್ರಹದ ಸ್ವಂತ ಇಂಧನ ಬಳಸಿ ಕಕ್ಷೆಯನ್ನು ಮೇಲಕ್ಕೆ ಎತ್ತಿದರು. ಅಲ್ಲಿ ಗಾಳಿಯ ಎಳೆತ ಎಷ್ಟೋ ಪಾಲು ಕಡಿಮೆ. ಸ್ರಾಸ್-ಸಿ2 2001ರವರೆಗೆ ಮೇಲೆಯೇ ಇತ್ತು.